ಹರಿದಾಸಿ ಹೆಳವನಕಟ್ಟೆ ಗಿರಿಯಮ್ಮನವರು

ಧರ್ಮದಲ್ಲಿ ನಿಷ್ಠೆಯುಳ್ಳವರಿಗೆ ಸ್ತ್ರೀಪುರುಷರ ಸಮಾನತೆ ಸಮ್ಮತವಾಗಬಲ್ಲುದೇ ಎಂಬ ಪ್ರಶ್ನೆಯು ಈಗ ಪ್ರವಚನ ಮುಗಿದು ಮಂತ್ರಾಕ್ಷತೆ ಪಡೆಯುವ ಸಾಲಿನಲ್ಲಿಯೂ ಕೇಳಿಬರುತ್ತಿದೆ. ಕೇಳುವವರಲ್ಲಿ ಓದಿದ ಹೆಣ್ಣುಮಕ್ಕಳೇ ಹೆಚ್ಚು. ಅವರಿಗಾಗಿ ಎರಡು ಉತ್ತರಗಳು ಸಿದ್ಧವಾಗಿರುತ್ತವೆ. ಸ್ತ್ರೀಯನ್ನು ದೇವಿಯೆಂದು ಪೂಜಿಸುವ ನಮ್ಮಲ್ಲಿ ಈ ಪ್ರಶ್ನೆಯೇ ಸಲ್ಲದೆಂಬುದು ಒಂದು. ಧರ್ಮವನ್ನು ಬಿಟ್ಟ ಹೊರತು ಸಮಾನತೆ ದೊರೆಯದೆಂಬುದು ಇನ್ನೊಂದು. ಇವೆರಡೂ ಕೇಳಿದವಳ ಬಾಯನ್ನು ಮುಚ್ಚಿಸುತ್ತವೆ, ಸಂಶಯವನ್ನು ಪರಿಹರಿಸುವುದಿಲ್ಲ. ಆದುದರಿಂದ ನಾವು ಇಲ್ಲಿ ವಾದಕ್ಕಿಳಿಯದೆ, ನಮ್ಮದೇ ಸೀಮೆಯಲ್ಲಿ ಹದಿನೆಂಟನೆಯ ಶತಮಾನದಲ್ಲಿ ಬಾಳಿದ ಒಬ್ಬ ಮಹಾತಾಯಿಯ ಚರಿತ್ರೆಯನ್ನು ಸ್ಮರಿಸಬಯಸುತ್ತೇವೆ. ಅವರ ಹಾಡುಗಳನ್ನು ಅರಿಯದ ಮಾಧ್ವಗೃಹ ವಿರಳ. ಅವರು ಬಾಳಿದ ರೀತಿಯನ್ನು ಮನನ ಮಾಡಿದವರು ಅಷ್ಟಾಗಿ ಇಲ್ಲ.

ಮೊದಲು ಸೀಮೆಯ ಮಾತು. ಹೊನ್ನಾಳಿ, ನ್ಯಾಮತಿ, ಚನ್ನಗಿರಿಗಳ ಈ ನೆಲದಲ್ಲಿ ಹೆಣ್ಣಿನ ಹೆಸರು ಅಳಿಯದೆ ಉಳಿದಿರುವ ಸ್ಥಳಗಳು ಒಂದೆರಡಲ್ಲ. 1672ರ ಸುಮಾರಿನಿಂದ 1697ರವರೆಗೆ ರಾಜ್ಯವಾಳಿದ ಕೆಳದಿಯ ಚೆನ್ನಮ್ಮಾಜಿಯ ಹೆಸರನ್ನೇ ಚನ್ನಗಿರಿ ಹೊತ್ತಿದೆ. ಅಲ್ಲಿಯ ಕೋಟೆಯ ಮೇಲೆ ರಂಗನಾಥಸ್ವಾಮಿಯ ಗುಡಿಯಿದೆ. ಔರಂಗಜೇಬನ ಸೈನ್ಯಕ್ಕೆ ಅಂಜದೆ ಛತ್ರಪತಿ ರಾಜಾರಾಮನಿಗೆ ಆಶ್ರಯವಿತ್ತ ರಾಣಿ ಆಕೆ. ಅದೇ ತಾಲ್ಲೂಕಿನ ಸೂಳೆಕೆರೆಯನ್ನು ಕಟ್ಟಿಸಿದವಳು ಶಾಂತವ್ವೆಯೆಂಬ ರಾಜಪುತ್ರಿಯೆಂದು ಜನ ಹೇಳುತ್ತಾರೆ. ಶಾಂತಿಸಾಗರವೆಂಬ ಇನ್ನೊಂದು ಹೆಸರು ಅವಳದೇ. ಆ ಕೆರೆಯಿಂದ ಹೊರಟ ಹರಿದ್ರಾ ನದಿಯು ಹರಿಹರದಲ್ಲಿ ತುಂಗಭದ್ರೆಯನ್ನು ಸೇರುತ್ತದೆ. ಪಶ್ಚಿಮಕ್ಕೆ ಶಿಕಾರಿಪುರದ ಕಡೆ ನಡೆದರೆ, ಹನ್ನೆರಡನೆಯ ಶತಮಾನದಲ್ಲಿ ಚೆನ್ನಮಲ್ಲಿಕಾರ್ಜುನನನ್ನೇ ಪತಿಯೆಂದು ವರಿಸಿ ಅರಮನೆಯನ್ನು ತ್ಯಜಿಸಿದ ಅಕ್ಕಮಹಾದೇವಿಯ ಉಡುತಡಿ. ಮತ ಬೇರೆಯಾದರೂ ಆ ಹೆಸರನ್ನು ಗೌರವಿಸದವರು ಕನ್ನಡಿಗರಲ್ಲ. ಆದರೆ ಚೆನ್ನಮ್ಮಾಜಿ ಸಿಂಹಾಸನವನ್ನೇರಿದವರು, ಅಕ್ಕ ಊರನ್ನೇ ಬಿಟ್ಟು ಶ್ರೀಶೈಲಕ್ಕೆ ಹೊರಟವರು. ಸಿಂಹಾಸನವನ್ನೂ ಏರದೆ, ಊರನ್ನೂ ಬಿಡದೆ, ಅತ್ತೆಮಾವಂದಿರ ಕಣ್ಣೆದುರಿನಲ್ಲಿಯೇ ತನ್ನ ದಾರಿಯನ್ನು ಹಿಡಿದ ಹೆಣ್ಣಿನ ಕಷ್ಟ ಬೇರೆ ಬಗೆಯದು.

ಗಿರಿಯಮ್ಮನವರು ಜನಿಸಿದ್ದು ತುಂಗಭದ್ರೆಯ ಆಚೆಯ ರಾಣಿಬೆನ್ನೂರಿನಲ್ಲಿ. ತಂದೆ ಬಿಷ್ಟಪ್ಪ ಜೋಯಿಸರು, ತಾಯಿ ತುಂಗಮ್ಮನವರು ಎಂದು ಪರಂಪರೆಯು ಹೇಳುತ್ತದೆ. ತಾಯಿತಂದೆಗಳನ್ನು ಎಳೆತನದಲ್ಲಿಯೇ ಕಳೆದುಕೊಂಡ ಕೂಸು ಬಂಧುಗಳ ಆಶ್ರಯದಲ್ಲಿ ಬೆಳೆಯಿತು. ದೇವರ ಮನೆಯ ಹಾಡು, ಕಥೆ, ಪುರಾಣಶ್ರವಣಗಳೇ ಆ ಬಾಲೆಗೆ ವಿದ್ಯಾಭ್ಯಾಸವಾದವು. ಅಂದಿನ ರೂಢಿಯಂತೆ ಬಾಲ್ಯದಲ್ಲಿಯೇ ವಿವಾಹವೂ ಆಯಿತು. ವರನು ಮಲೆಬೆನ್ನೂರಿನ ಶಾನುಭೋಗರ ಮನೆತನದ ತಿಪ್ಪರಸ. ಶಾನುಭೋಗರ ಮನೆಯೆಂದರೆ ಊರಿನ ಲೆಕ್ಕಪತ್ರಗಳೂ, ಜಮೀನಿನ ವ್ಯಾಜ್ಯಗಳೂ, ಬಂದುಹೋಗುವ ಜನರೂ ಸದಾ ತುಂಬಿದ ಮನೆ. ಅಂತಹ ಮನೆಯ ಸೊಸೆಯು ಊರಿನ ಕಣ್ಣಿಗೆ ಮರೆಯಾಗಿರಲು ಸಾಧ್ಯವಿಲ್ಲ.

ಮಲೆಬೆನ್ನೂರಿಗೆ ಸಮೀಪದಲ್ಲಿ, ಇಂದಿನ ಕೊಮಾರನಹಳ್ಳಿಯ ಕೆರೆಯ ದಡದಲ್ಲಿ, ಹೆಳವನಕಟ್ಟೆಯ ರಂಗನಾಥಸ್ವಾಮಿಯ ಸನ್ನಿಧಾನವಿದೆ. ಹರಿಹರ-ಹೊನ್ನಾಳಿ ಮಾರ್ಗದಲ್ಲಿ ಸಂಚರಿಸುವವರು ಇಳಿದು ಸ್ವಾಮಿಯ ದರ್ಶನ ಮಾಡುವುದುಂಟು. ಗಿರಿಯಮ್ಮನವರ ಮನಸ್ಸು ನೆಲೆನಿಂತದ್ದು ಇಲ್ಲಿ. ನೀರಿಗೆಂದು ಹೋದರೂ, ಹೂವಿಗೆಂದು ಹೋದರೂ ಕಾಲು ಆ ಗುಡಿಯತ್ತಲೇ ಸಾಗುತ್ತಿತ್ತು. ಹಾಡು ತಾನಾಗಿ ಹುಟ್ಟುತ್ತಿತ್ತು. ಮನೆಗೆಲಸದ ಹೊತ್ತು ಮೀರುತ್ತಿತ್ತು. ರಂಗನಾಥನೇ ತನಗೆ ಪತಿ, ಲೌಕಿಕದ ದಾಂಪತ್ಯ ತನಗೆ ಬೇಡ ಎಂಬ ನಿಶ್ಚಯ ಅವರಲ್ಲಿ ದೃಢವಾಯಿತು. ಮದುವೆಯಾಗಿ ಗಂಡನ ಮನೆಗೆ ಬಂದ ಹೆಣ್ಣು ಇಂತಹ ನಿಶ್ಚಯವನ್ನು ಮಾಡಿದರೆ ಇಂದಿಗೂ ಮನೆಯವರು ವೈದ್ಯರನ್ನೋ ಜ್ಯೋತಿಷಿಗಳನ್ನೋ ಹುಡುಕಿಕೊಂಡು ಹೋಗುತ್ತಾರೆ. ಆಗ ಏನಾಗಿರಬಹುದೆಂಬುದನ್ನು ಊಹಿಸುವುದು ಕಷ್ಟವಲ್ಲ.

ಇಲ್ಲಿ ಚರಿತ್ರಕಾರರು ಒಂದು ಪವಾಡವನ್ನು ಹೇಳುತ್ತಾರೆ. ತಿಪ್ಪರಸನು ಶಯನಗೃಹಕ್ಕೆ ಹೋದಾಗ ಮಡದಿಯ ಬದಿಯಲ್ಲಿ ಸರ್ಪವೊಂದು ಕಂಡಿತೆಂದೂ, ಆತನು ಬೆದರಿ ಹಿಂದೆಗೆದನೆಂದೂ, ಆಕೆಯು ಸಾಮಾನ್ಯಳಲ್ಲವೆಂದು ಅರಿತು ಆಕೆಯ ಸಾಧನೆಗೆ ಸಮ್ಮತಿಸಿದನೆಂದೂ ಕಥೆ. ಭಗವಂತನ ಮಹಿಮೆಯಲ್ಲಿ ನಮಗೆ ಅವಿಶ್ವಾಸವಿಲ್ಲ. ಶೇಷಶಯನನ ಭಕ್ತೆಯ ಬಳಿ ಶೇಷನು ಕಾವಲಿದ್ದರೆ ಆಶ್ಚರ್ಯವೇನು? ಆದರೂ ಒಂದು ಸಂಗತಿಯನ್ನು ಗಮನಿಸದಿರಲಾರೆವು. ನವಕೋಟಿ ನಾರಾಯಣನೆನಿಸಿದ ಶ್ರೀನಿವಾಸನಾಯಕನು ಸರ್ವಸ್ವವನ್ನೂ ತ್ಯಜಿಸಿ ಪುರಂದರದಾಸರಾಗಿ ಹೊರಟಾಗ, ಮನೆಯವರು ಅವರ ಹಿಂದೆಯೇ ಹೊರಟರು. ಅಲ್ಲಿಯೂ ಮೂಗುತಿಯ ಪವಾಡವಿದೆ. ಆದರೆ ಅದು ನಾಯಕನ ಲೋಭವನ್ನು ಕಳೆಯಲು ನಡೆದದ್ದು. ಮನೆ ಬಿಡಲು ಅವರಿಗೆ ಯಾರ ಅನುಮತಿಯೂ ಬೇಕಾಗಲಿಲ್ಲ. ಆ ಮೂಗುತಿಯನ್ನು ನೀಡಿ ಗಂಡನ ಕಣ್ಣು ತೆರೆಸಿದವರು ಹೆಂಡತಿ ಸರಸ್ವತೀಬಾಯಿಯವರು ಎಂಬುದನ್ನೂ ನೆನೆಯಬೇಕು. ಗಂಡಸಿಗೆ ವೈರಾಗ್ಯ ಬಂದರೆ ವೈರಾಗ್ಯವೆಂಬ ಹೆಸರೇ ಸಾಕಾಯಿತು. ಹೆಂಗಸಿಗೆ ವೈರಾಗ್ಯ ಬಂದಾಗ ಅದು ವೈರಾಗ್ಯವೆಂದು ಮನೆಯವರು ನಂಬಲು ಹೆಡೆಯೆತ್ತಿದ ಸರ್ಪವೇ ಬರಬೇಕಾಯಿತು.

ತಿಪ್ಪರಸನನ್ನು ಕುರಿತೂ ಎರಡು ಮಾತು ಸಲ್ಲಬೇಕು. ಅಧಿಕಾರವುಳ್ಳ ಮನೆತನದ ಯುವಕ. ಬಲಾತ್ಕಾರ ಮಾಡಿದ್ದರೆ ಅಂದಿನ ಸಮಾಜವು ತಡೆಯುತ್ತಿರಲಿಲ್ಲ. ಆತನು ಹಾಗೆ ಮಾಡಲಿಲ್ಲ. ಗಿರಿಯಮ್ಮನವರೇ ಮುಂದೆ ನಿಂತು ಆತನಿಗೆ ಇನ್ನೊಂದು ವಿವಾಹವನ್ನು ಮಾಡಿಸಿದರೆಂದು ಪರಂಪರೆ ಹೇಳುತ್ತದೆ. ಇದನ್ನು ಅವರ ಔದಾರ್ಯವೆಂದು ಪ್ರವಚನಕಾರರು ಕೊಂಡಾಡುತ್ತಾರೆ; ಒಪ್ಪೋಣ. ಆದರೆ ಗಿರಿಯಮ್ಮನವರು ಇಳಿಸಿದ ಹೊರೆಯನ್ನು, ಶಾನುಭೋಗರ ಮನೆಯ ಅಡಿಗೆ, ಮಡಿ, ಹೆರಿಗೆ, ಅತಿಥಿಸತ್ಕಾರಗಳನ್ನು, ಹೊತ್ತವಳು ಮತ್ತೊಬ್ಬಳು ಹುಡುಗಿ. ಅವಳ ವಿಷಯವನ್ನು ಚರಿತ್ರಕಾರರು ಒಂದೇ ವಾಕ್ಯದಲ್ಲಿ ಮುಗಿಸಿಬಿಡುತ್ತಾರೆ. ಅವಳಿಗೂ ರಂಗನಾಥನ ಗುಡಿಗೆ ಹೋಗಿ ಹೊತ್ತು ಮರೆಯುವ ಆಸೆ ಇದ್ದಿದ್ದರೆ? 1955ರ ಹಿಂದೂ ವಿವಾಹ ಅಧಿನಿಯಮವು ಬಂದ ಮೇಲೆ ಈ ದಾರಿಯು ಮುಚ್ಚಿದೆ. ಇಂದಿನ ಗಿರಿಯಮ್ಮನಿಗೆ ತನ್ನ ಬದಲಾಗಿ ಇನ್ನೊಬ್ಬಳನ್ನು ತಂದು ನಿಲ್ಲಿಸಲು ಬರುವುದಿಲ್ಲ. ಆದುದರಿಂದ ಮನೆಯ ಕೆಲಸವನ್ನು ಯಾರು ಹೊರಬೇಕೆಂಬ ಪ್ರಶ್ನೆಯು ಈಗ ಗಂಡಸರ ಮುಂದೆಯೇ ಬಂದು ನಿಂತಿದೆ. ಏಕಾದಶಿಯ ಜಾಗರಣೆಯೂ ದ್ವಾದಶಿಯ ಪಾರಣೆಯ ಅಡಿಗೆಯೂ ಒಬ್ಬಳ ಪಾಲಿಗೇ ಬೀಳುವ ಮನೆಗಳನ್ನು ನಾವು ಬಲ್ಲೆವು.

ಊರಿನವರು ಸುಮ್ಮನಿರಲಿಲ್ಲ. ಗಂಡನಿದ್ದೂ ಗಂಡನೊಡನೆ ಬಾಳದವಳು, ಗುಡಿಯಲ್ಲಿ ನಾಲ್ವರ ಎದುರಿಗೆ ಹಾಡುವವಳು ಎಂದು ನಿಂದೆ ನಡೆಯಿತು. ದೂರು ಮಠಾಧೀಶರವರೆಗೂ ಹೋಯಿತೆಂದು ಐತಿಹ್ಯವಿದೆ. ಮಂತ್ರಾಲಯ ಪ್ರಭುಗಳ ಪೀಠದ ಶ್ರೀ ಸುಮತೀಂದ್ರತೀರ್ಥರ ಹೆಸರನ್ನು ಆ ಐತಿಹ್ಯವು ಹೇಳುತ್ತದೆ. ದೂರು ಕೇಳಿದ ಶ್ರೀಗಳವರು ದೂರಿದವರ ಪಕ್ಷವನ್ನು ವಹಿಸದೆ, ಆಕೆಯ ಭಕ್ತಿಯನ್ನು ಪರಿಕಿಸಿ ಮನ್ನಿಸಿದರಂತೆ. ಹಾಗೆಯೇ, ವಿಜಯದಾಸರ ಶಿಷ್ಯರೂ ಜಗನ್ನಾಥದಾಸರ ಗುರುಗಳೂ ಆದ, ಭಕ್ತಿಯಲ್ಲಿ ಭಾಗಣ್ಣನೆಂದೇ ಪ್ರಸಿದ್ಧರಾದ ಗೋಪಾಲದಾಸರು ಈ ಸೀಮೆಗೆ ಬಂದಾಗ ಗಿರಿಯಮ್ಮನವರಿಗೆ ಉಪದೇಶವನ್ನು ಅನುಗ್ರಹಿಸಿದರೆಂದು ದಾಸಪರಂಪರೆಯಲ್ಲಿ ಹೇಳುತ್ತಾರೆ. ಈ ಎರಡು ಐತಿಹ್ಯಗಳ ಕಾಲನಿರ್ಣಯವನ್ನು ಪಂಡಿತರು ಮಾಡಿಕೊಳ್ಳಲಿ. ನಮಗೆ ಮುಖ್ಯವಾದುದು ಇಷ್ಟು: ಊರು ಒಪ್ಪದವಳನ್ನು ಪೀಠವೂ ದಾಸಕೂಟವೂ ಒಪ್ಪಿದವೆಂದು ನಮ್ಮ ಹಿರಿಯರೇ ಹೇಳಿಕೊಂಡು ಬಂದಿದ್ದಾರೆ. ಸಂಪ್ರದಾಯವೆಂದು ನಾವು ಕರೆಯುವುದರಲ್ಲಿ ಊರಿನ ರೂಢಿ ಎಷ್ಟು, ಗುರುಗಳ ತೀರ್ಪು ಎಷ್ಟು ಎಂದು ಸೋಸಿ ನೋಡುವುದಕ್ಕೆ ಈ ಕಥೆಯೊಂದು ಸಾಧನ.

ಶಾಸ್ತ್ರ ಏನು ಹೇಳುತ್ತದೆಂದು ಕೇಳುವವರಿದ್ದಾರೆ, ಕೇಳಲೇಬೇಕು. ಶ್ರೀಮದಾಚಾರ್ಯರ ಮತದಲ್ಲಿ ಜೀವರೆಲ್ಲರೂ ಸಮಾನರೆಂಬ ಮಾತಿಗೆ ಎಡೆಯಿಲ್ಲ. ಜೀವಜೀವರಲ್ಲಿ ಭೇದವುಂಟು, ತಾರತಮ್ಯವುಂಟು, ಮುಕ್ತಿಯಲ್ಲಿಯೂ ಅದು ಅಳಿಯದು. ಇಷ್ಟನ್ನು ಕೇಳಿದೊಡನೆ ಗಂಡಸರು ಮೀಸೆ ತಿರುವಬೇಕಾಗಿಲ್ಲ. ತಾರತಮ್ಯದ ಅಳತೆ ಸ್ವರೂಪಯೋಗ್ಯತೆ. ಪುರುಷಶರೀರ ಬಂದ ಮಾತ್ರಕ್ಕೆ ಯಾರೂ ಮೇಲಾಗುವುದಿಲ್ಲ. ಶ್ರೀಹರಿಯ ಅನಂತರ ಮಹಾಲಕ್ಷ್ಮಿ. ಬ್ರಹ್ಮವಾಯುಗಳು ಆಕೆಯ ಅನಂತರ. ಸರಸ್ವತೀ ಭಾರತಿಯರು ಗರುಡ, ಶೇಷ, ರುದ್ರರಿಗಿಂತ ಮೇಲಿನ ಕಕ್ಷೆಯವರು. ಇದನ್ನು ನಿತ್ಯವೂ ತಾರತಮ್ಯಸ್ತೋತ್ರಗಳಲ್ಲಿ ಪಠಿಸುವ ನಾವು, ಗಂಡೆಂಬ ಒಂದೇ ಕಾರಣಕ್ಕೆ ಮನೆಯ ಹುಡುಗನು ಅಕ್ಕನಿಗಿಂತ ದೊಡ್ಡವನೆಂದು ಹೇಗೆ ಹೇಳಬಲ್ಲೆವು? ಪತ್ನಿಯರನ್ನು ಅವರವರ ಪತಿಗಳಿಗಿಂತ ಕೆಳಗಿನ ಕಕ್ಷೆಯಲ್ಲಿ ಎಣಿಸಿರುವುದೂ ನಿಜವೇ; ಅದನ್ನು ಮರೆಮಾಚಿ ಮಾತನಾಡುವುದು ಪ್ರಾಮಾಣಿಕತೆಯಲ್ಲ.

ಅಧಿಕಾರದ ವಿಷಯದಲ್ಲಿಯೂ ಹೀಗೆಯೇ. ಸೂತ್ರಭಾಷ್ಯದ ಮೊದಲ ಅಧಿಕರಣದಲ್ಲಿಯೇ ಶ್ರೀಮದಾಚಾರ್ಯರು ಈ ವಿಚಾರವನ್ನೆತ್ತಿಕೊಂಡು, ವ್ಯೋಮಸಂಹಿತೆಯ ಆಧಾರದಿಂದ, ಸ್ತ್ರೀಯರಿಗೆ ತಂತ್ರಜ್ಞಾನದಲ್ಲಿ ಅಧಿಕಾರವನ್ನು ಹೇಳಿ, ಉತ್ತಮಸ್ತ್ರೀಯರಿಗೆ ವೇದದಲ್ಲಿಯೂ ಅಧಿಕಾರವುಂಟೆಂದು ತಿಳಿಸಿ, ಊರ್ವಶಿ, ಯಮಿ, ಶಚಿ ಮೊದಲಾದವರನ್ನು ಹೆಸರಿಸಿದ್ದಾರೆ. ಬಾಗಿಲು ಪೂರ್ಣವಾಗಿ ತೆರೆದಿದೆಯೆಂದು ಇದರಿಂದ ಹೇಳಲಾಗದು. ಪೂರ್ಣವಾಗಿ ಮುಚ್ಚಿದೆಯೆಂದು ಹೇಳುವವರು ಭಾಷ್ಯವನ್ನು ಓದಿಲ್ಲ. ಗೀತೆಯ ಒಂಬತ್ತನೆಯ ಅಧ್ಯಾಯದಲ್ಲಿ ಭಗವಂತನು ತನ್ನನ್ನು ಆಶ್ರಯಿಸಿದ ಸ್ತ್ರೀಯರೂ ಪರಮಗತಿಯನ್ನು ಪಡೆಯುವರೆಂದು ಅಪ್ಪಣೆ ಕೊಡಿಸಿರುವುದು ಸರ್ವವಿದಿತ. ಆ ಮಾತಿನಲ್ಲಿಯ ‘ಸ್ತ್ರೀಯರೂ’ ಎಂಬಲ್ಲಿಯ ದೀರ್ಘವು ಇಂದಿನ ಓದಿದ ಹೆಣ್ಣುಮಗಳ ಕಿವಿಗೆ ಚುಚ್ಚುವುದುಂಟು. ಚುಚ್ಚಿದರೆ ತಪ್ಪೆಂದು ನಾವು ಹೇಳಲಾರೆವು. ಆದರೆ ಗಿರಿಯಮ್ಮನವರು ಆ ದೀರ್ಘದ ಬಗೆಗೆ ಜಗಳವಾಡದೆ, ಪರಮಗತಿಯೆಂಬ ಪದವನ್ನು ಹಿಡಿದುಕೊಂಡರು.

ಇನ್ನು ಅವರ ಕೃತಿಗಳು. ಕೀರ್ತನೆಗಳಲ್ಲದೆ ಚಂದ್ರಹಾಸನ ಕಥೆ, ಸೀತಾಕಲ್ಯಾಣ, ಉದ್ದಾಲಿಕನ ಕಥೆ, ಶಂಕರಗಂಡಿಯ ಹಾಡು, ಬ್ರಹ್ಮಕೊರವಂಜಿ ಮೊದಲಾದ ದೀರ್ಘಗೀತೆಗಳನ್ನು ಅವರು ರಚಿಸಿದ್ದಾರೆ. ಅಂಕಿತ, ಹೆಳವನಕಟ್ಟೆಯ ರಂಗ. ವಿಜಯದಾಸರ ಪರಂಪರೆಯಲ್ಲಿ ವಿಠಲನಾಮದ ಅಂಕಿತವೇ ಬಹುಮಟ್ಟಿಗೆ ರೂಢಿಯಾಗಿದ್ದರೂ, ಇವರು ತಮ್ಮ ಕೆರೆಯ ದಡದ ಸ್ವಾಮಿಯ ಹೆಸರನ್ನು ಬಿಟ್ಟುಕೊಡಲಿಲ್ಲ. ಆ ಕಾಲದ ಹೆಂಗಸರನ್ನು ಕಾಗದಪತ್ರಗಳಲ್ಲಿ ಇಂಥವರ ಹೆಂಡತಿ, ಇಂಥವರ ತಾಯಿ ಎಂದು ಬರೆಯುತ್ತಿದ್ದರು. ಗಿರಿಯಮ್ಮನವರ ಹೆಸರಿನ ಹಿಂದೆ ನಿಂತಿರುವುದು ಗಂಡನ ಮನೆತನವಲ್ಲ, ಒಂದು ಕಟ್ಟೆ.

ಚಂದ್ರಹಾಸನ ಕಥೆ ಜೈಮಿನಿ ಭಾರತದ್ದು, ನಮ್ಮವರಿಗೆ ಲಕ್ಷ್ಮೀಶನಿಂದ ಪರಿಚಿತವಾದದ್ದು. ದುಷ್ಟಬುದ್ಧಿಯು ಚಂದ್ರಹಾಸನ ಕೈಯಲ್ಲಿಯೇ ಅವನ ಮರಣದ ಪತ್ರವನ್ನು ಕೊಟ್ಟು ಮಗನ ಬಳಿಗೆ ಕಳುಹಿಸುತ್ತಾನೆ. ಬಂದವನಿಗೆ ವಿಷವನ್ನು ಕೊಡೆಂದು ಅದರಲ್ಲಿದೆ. ಉಪವನದಲ್ಲಿ ನಿದ್ರಿಸುತ್ತಿದ್ದ ಯುವಕನನ್ನು ಮಂತ್ರಿಪುತ್ರಿ ವಿಷಯೆ ಕಾಣುತ್ತಾಳೆ, ಪತ್ರವನ್ನು ಬಿಚ್ಚಿ ಓದುತ್ತಾಳೆ, ಕಣ್ಣಿನ ಕಾಡಿಗೆಯಿಂದ ಅಕ್ಷರವನ್ನು ತಿದ್ದಿ ವಿಷವಿದ್ದಲ್ಲಿ ತನ್ನ ಹೆಸರನ್ನೇ ಬರೆಯುತ್ತಾಳೆ. ಕೊಲೆಯ ಕಾಗದ ಮದುವೆಯ ಕಾಗದವಾಗುತ್ತದೆ. ಶ್ರಾವಣದ ಮಧ್ಯಾಹ್ನಗಳಲ್ಲಿ ಬತ್ತಿ ಹೊಸೆಯುತ್ತ, ಹೂ ಕಟ್ಟುತ್ತ ಈ ಹಾಡನ್ನು ಹೇಳುತ್ತಿದ್ದ ತಾಯಂದಿರಲ್ಲಿ ಎಷ್ಟೋ ಮಂದಿಗೆ ಓದಲು ಬರುತ್ತಿರಲಿಲ್ಲ. ಬಾಯಿಂದ ಬಾಯಿಗೆ ಕಲಿತವರು ಅವರು. ಒಬ್ಬ ಹುಡುಗಿಗೆ ಅಕ್ಷರ ಬಂದದ್ದರಿಂದ ಒಂದು ಪ್ರಾಣ ಉಳಿಯಿತೆಂಬ ಕಥೆಯನ್ನು ಅಕ್ಷರ ಕಲಿಸದ ಮನೆಗಳಲ್ಲಿ ಹಾಡುತ್ತಿದ್ದರು. ಹಾಡು ಕೇಳುತ್ತ ಬೆಳೆದ ಮೊಮ್ಮಕ್ಕಳು ಈಗ ಊರೂರಿನ ಕಾಲೇಜುಗಳಲ್ಲಿ ಪಾಠ ಹೇಳುತ್ತಿದ್ದಾರೆ.

ಉದ್ದಾಲಿಕನ ಕಥೆಯದು ಇನ್ನೊಂದು ಸೊಗಸು. ಉದ್ದಾಲಕ ಮುನಿಯ ಹೆಂಡತಿ ಚಂಡಿ ಗಂಡ ಹೇಳಿದ್ದಕ್ಕೆಲ್ಲ ವಿರುದ್ಧವಾಗಿಯೇ ನಡೆಯುವವಳು. ಮುನಿಯು ಬೇಸತ್ತು, ಹಿರಿಯರ ಸಲಹೆಯಂತೆ, ಬೇಕಾದುದನ್ನು ಬೇಡವೆಂದೂ ಬೇಡವಾದುದನ್ನು ಬೇಕೆಂದೂ ಹೇಳಿ ಕಾರ್ಯ ಸಾಧಿಸತೊಡಗುತ್ತಾನೆ. ಪಿತೃಶ್ರಾದ್ಧದ ದಿನವೂ ಹಾಗೆಯೇ ಎಲ್ಲವೂ ಸುಸೂತ್ರವಾಗಿ ನಡೆದು, ಕೊನೆಗೆ ಮೈಮರೆತು ಪಿಂಡವನ್ನು ನೀರಿಗೆ ಬಿಡೆಂದು ನೇರವಾಗಿ ಹೇಳಿಬಿಡುತ್ತಾನೆ. ಅವಳು ಅದನ್ನು ತಿಪ್ಪೆಗೆ ಎಸೆಯುತ್ತಾಳೆ. ಕಲ್ಲಾಗೆಂದು ಶಾಪ ದೊರೆಯುತ್ತದೆ. ಕಾಲಾಂತರದಲ್ಲಿ ಪಾಂಡವರ ಯಜ್ಞಾಶ್ವದ ಪ್ರಸಂಗದಲ್ಲಿ ಅರ್ಜುನನಿಂದ ವಿಮೋಚನೆ. ಪತಿಯ ಮಾತನ್ನು ಮೀರಬಾರದೆಂಬ ಉಪದೇಶಕ್ಕೆ ಈ ಕಥೆಯನ್ನು ಬಳಸುವವರಿದ್ದಾರೆ. ಉಪದೇಶ ಅದರಲ್ಲಿದೆಯೆಂಬುದು ದಿಟ. ಆದರೆ ಇದನ್ನು ಹಾಡಿಗಿಳಿಸಿದವರು ಯಾರು? ಗಂಡನ ಮನೆಯ ಕಟ್ಟಳೆಯನ್ನು ತಾವೇ ಒಪ್ಪದೆ ನಡೆದವರು. ಹೆಂಗಸರು ಗುಂಪಾಗಿ ಈ ಹಾಡನ್ನು ಹೇಳುವಾಗ ಚಂಡಿಯ ಹಟದ ಭಾಗಕ್ಕೆ ಬಂದೊಡನೆ ಏಳುವ ನಗೆಯನ್ನು ಕೇಳಿದವರಿಗೆ, ಅವರು ಶಾಪಕ್ಕೆ ಹೆದರಿ ನಗುತ್ತಿಲ್ಲವೆಂಬುದು ಗೊತ್ತು. ಹಟಮಾರಿಗೆ ಶಾಪ ಬಂದಿತು, ಬಿಡುಗಡೆಯೂ ಬಂದಿತು.

ಪಾಠಶಾಲೆಯಲ್ಲಿ ಓದಿದ ನಮ್ಮಂಥವರಿಗೆ ಶಬ್ದರೂಪಾವಳಿಯಿಂದ ಸುಮಧ್ವವಿಜಯದವರೆಗೆ ಪಾಠವಾಯಿತು. ಗಿರಿಯಮ್ಮನವರ ಪಾಠವಾಗಲಿಲ್ಲ; ಅವರು ಅಡಿಗೆಮನೆಯ ಕಡೆಯಿಂದ ಕಿವಿಗೆ ಬಿದ್ದವರು. ಕಾಲೇಜಿಗೆ ಹೋದ ಮೇಲೆ ಕನ್ನಡದ ತರಗತಿಯಲ್ಲಿ ಅವರ ಹೆಸರು ಸಾಹಿತ್ಯಚರಿತ್ರೆಯಲ್ಲಿ ಬಂದಿತು. ಅವರೊಡನೆಯೇ ಸಂಚಿಯ ಹೊನ್ನಮ್ಮನ ಹೆಸರೂ ಬಂದಿತು. ಮೈಸೂರಿನ ಚಿಕ್ಕದೇವರಾಜರ ಆಸ್ಥಾನದಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುತ್ತಿದ್ದ ಆಕೆ ಹದಿಬದೆಯ ಧರ್ಮದಲ್ಲಿ ಪತಿವ್ರತೆಯರ ನಡವಳಿಕೆಯನ್ನು ಬೋಧಿಸುತ್ತಲೇ, ಹೆತ್ತವಳೂ ಹೊರೆದವಳೂ ಹೆಣ್ಣಾಗಿರುವಾಗ ಹೆಣ್ಣನ್ನು ಕೀಳೆಂದು ಜರೆಯುವುದು ಹೇಗೆಂದು ಕೇಳಿದವಳು. ಹೊನ್ನಮ್ಮ ಬಾಯಿಬಿಟ್ಟು ಕೇಳಿದಳು, ಬಾಳಿನಲ್ಲಿ ಕಟ್ಟಳೆಯನ್ನು ಎತ್ತಿಹಿಡಿದಳು. ಗಿರಿಯಮ್ಮನವರು ಏನನ್ನೂ ಕೇಳಲಿಲ್ಲ, ಬಾಳಿನಲ್ಲಿ ಕಟ್ಟಳೆಯನ್ನು ದಾಟಿದರು. ಇಬ್ಬರಲ್ಲಿ ಯಾರದು ಹೆಚ್ಚು ಧೈರ್ಯವೆಂದು ತೂಗಲು ನಮ್ಮ ಕೈಯಲ್ಲಿ ತಕ್ಕಡಿಯಿಲ್ಲ. ಇಬ್ಬರೂ ದೇವರನ್ನು ಬಿಟ್ಟು ಮಾತನಾಡಲಿಲ್ಲವೆಂಬುದು ಮಾತ್ರ ಸ್ಪಷ್ಟ.

ಗಿರಿಯಮ್ಮನವರು ತೆರೆದ ದಾರಿ ಹಾಳುಬೀಳಲಿಲ್ಲ. ಜಗಳೂರಿನ ನೆರೆಯ ಹರಪನಹಳ್ಳಿಯಲ್ಲಿ ಬಾಳಿದ ಭೀಮವ್ವನವರು ವೈಧವ್ಯದ ಕಠಿಣನಿಯಮಗಳ ನಡುವೆಯೇ ಭೀಮೇಶಕೃಷ್ಣ ಎಂಬ ಅಂಕಿತದಿಂದ ಹಾಡಿದರು. ಶುಭಕಾರ್ಯಗಳಲ್ಲಿ ಎದುರಿಗೆ ಬರಬಾರದೆಂದು ಯಾರನ್ನು ದೂರವಿರಿಸುತ್ತಿದ್ದರೋ ಅವರು ಕಟ್ಟಿದ ಹಾಡಿಲ್ಲದೆ ಶುಭಕಾರ್ಯಗಳೇ ಸಾಗದಂತಾಯಿತು. ಗಲಗಲಿಯ ಅವ್ವನವರು, ಚಿತ್ರದುರ್ಗದ ಅಂಬಾಬಾಯಿಯವರು ಇವರೆಲ್ಲರ ಚರಿತ್ರೆಗಳನ್ನು ಬರೆಯಲು ಒಂದೊಂದು ಸಂಚಿಕೆಯೇ ಬೇಕು.

ಇಂದು ಭಜನಾಮಂಡಳಿಗಳು ನಡೆಯುತ್ತಿರುವುದು ಬಹುಮಟ್ಟಿಗೆ ತಾಯಂದಿರಿಂದಲೇ. ಆರಾಧನೆಯ ಪಲ್ಲಕ್ಕಿಯ ಮುಂದೆ ತಾಳ ಹಿಡಿದು ಹೋಗುವವರು ಅವರು. ಗಿರಿಯಮ್ಮನವರನ್ನು ನಿಂದಿಸಿದ ಕೃತ್ಯವೇ, ನಾಲ್ವರ ಎದುರಿಗೆ ಹಾಡುವುದು, ಈಗ ಯಾರಿಗೂ ದೋಷವಾಗಿ ಕಾಣುವುದಿಲ್ಲ. ಆದರೆ ಅದೇ ತಾಯಿಯ ಮಗಳು ಸರ್ವಮೂಲದ ಪಾಠವನ್ನು ಕ್ರಮವಾಗಿ ಕೇಳಬೇಕೆಂದರೆ ಕಲಿಸುವ ಸ್ಥಳವನ್ನು ಹುಡುಕಬೇಕಾಗುತ್ತದೆ. ಗೀತಾಭಾಷ್ಯ, ಭಾರತತಾತ್ಪರ್ಯನಿರ್ಣಯಗಳ ಪಾಠಕ್ಕೆ ಶಾಸ್ತ್ರದ ಅಡ್ಡಿಯಿಲ್ಲವೆಂದು ಬಲ್ಲವರು ಹೇಳುತ್ತಾರೆ. ಅಡ್ಡಿಯಿರುವುದು ಹೊತ್ತಿಗೆ, ಚಾಪೆಗೆ, ಕಲಿಸುವವರ ಮನಸ್ಸಿಗೆ. ಅವಳಿಗಾಗಿ ಯಾವ ಸರ್ಪವೂ ಬರಬೇಕಾಗಿಲ್ಲ. ಸಂಜೆ ಒಂದು ಗಂಟೆಯ ಪಾಠ ಸಾಕು.

ಗಿರಿಯಮ್ಮನವರ ಅಂತ್ಯಕಾಲವನ್ನು ಹೇಳಿ ಮುಗಿಸುತ್ತೇವೆ. ಅವರು ಕಡೆಯ ದಿನಗಳನ್ನು ಕಳೆದದ್ದು ಹೊನ್ನಾಳಿ ತಾಲ್ಲೂಕಿನ ಕಮ್ಮಾರಗಟ್ಟೆಯಲ್ಲಿ. ಅಲ್ಲಿಯೇ ತುಂಗಭದ್ರೆಯಲ್ಲಿ ಐಕ್ಯರಾದರೆಂದು ಪ್ರತೀತಿ. ಹುಟ್ಟಿದ ಊರು ನದಿಯ ಆ ಕಡೆ, ಮೆಟ್ಟಿದ ಮನೆ ಈ ಕಡೆ, ಕೊನೆ ನದಿಯಲ್ಲಿ. ಹೊನ್ನಾಳಿಯ ರಾಯರ ಮಠಕ್ಕೆ ಸೇವೆಗೆಂದು ಹೋಗುವ ಸದ್ಭಕ್ತರು ಒಂದು ಹೊತ್ತನ್ನು ಉಳಿಸಿಕೊಂಡು ಕಮ್ಮಾರಗಟ್ಟೆಗೂ ಹೋಗಿಬರಬಹುದು. ಹೆಣ್ಣುಮಕ್ಕಳನ್ನು ಕರೆದೊಯ್ದರೆ ಅವರಿಗೇ ಒಂದು ಹಾಡು ಹೇಳಲು ಬಿಡಿ. ಆ ನದಿಯ ದಡದಲ್ಲಿ ಗಂಡಸರ ಕಂಠ ಮುಂದಾಗಬೇಕಾಗಿಲ್ಲ.